ಮರ ಹತ್ತೋಕೆ ಸೀಲ್ ಬೇಕು

ಹೋದ ವರ್ಷ ಮೇ ಕೊನೇಲಿ, ಇನ್ನೇನು ಮಳೆ ಹಿಡಿಯತ್ತೆ ಅನ್ನೋವಾಗ, ನನ್ ತಂಗಿ ಮಗ ಶಿರಸಿಯಿಂದ ಬೈಕಲ್ಲಿ ಬಂದ. ಬಿಎಸ್ಸಿ ಓದ್ತಿದಾನೆ, ಕೆಮಿಸ್ಟ್ರಿ. ಬಂದವನಿಗೆ ಆಸರಿಗೆ, ಅಂದ್ರೆ ಕುಡಿಯೋಕೆ ಏನಾದ್ರೂ, ಬೇಕಾ ಅಂತ ಕೇಳೋಕೂ ಬಿಡ್ದೆ "ಮಾವಾ, ನಿಮ್ಮನೇಲಿ ಸೀಲ್ ಇದ್ದಾ?" ಅಂದ. ಗ್ಯಾಸ್ ಸಿಲಿಂಡರಿಂದಾ ಅಂದೆ. ಅಲ್ವಂತೆ, ರಬ್ಬರ್ ಸ್ಟಾಂಪು. "ಇಂಟರ್ನ್‌ಶಿಪ್ಪಿಗೆ ಲೆಟರ್‌ಹೆಡ್ಡು ಸೀಲು ಎರಡೂ ಬೇಕಡ, ಇಲ್ದಿದ್ರೆ ಆಗ್ತಿಲ್ಲೆ ಅಡ."

ವಿಷಯ ಏನಪ್ಪಾ ಅಂದ್ರೆ ಕಾಲೇಜಲ್ಲಿ ಈಗ ಬರೀ ಪುಸ್ತಕ ಓದಿದ್ರೆ ಸಾಲಲ್ಲ, ಫೀಲ್ಡ್ ಅನುಭವ ಬೇಕು. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಡಿಗ್ರಿ ನಾಲ್ಕು ವರ್ಷ ಆಯ್ತು, 2024ಕ್ಕೆ ಬ್ಯಾಡ ಅಂತ ವಾಪಸ್ ಮೂರಾಯ್ತು, ನೀತಿ ಬಂತು ಹೋಯ್ತು, ಸೀಲ್ ಮಾತ್ರ ಉಳ್ಕೊಂತು. ಒಂದು ಕ್ರೆಡಿಟ್ಟಿಗೆ 30 ಗಂಟೆ ಫೀಲ್ಡಲ್ಲಿ ಕೆಲಸ, ಇವನಿಗೆ ಎರಡು ಕ್ರೆಡಿಟ್, ಅಂದ್ರೆ 60 ಗಂಟೆ. ಐದನೇ ಕ್ಲಾಸಿಂದ ಸುಗ್ಗಿ ಬಂದ್ರೆ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದ ಹುಡುಗ ಇವ, ಆ ಗಂಟೆ ಎಲ್ಲಾ ಕೂಡಿಸಿದ್ರೆ ಪಿಎಚ್‌ಡಿನೇ ಕೊಡ್ಬೇಕಾಗತ್ತೆ. ಆದ್ರೆ ಸುಲಿಯೋ ಪ್ರತಿ ರಾತ್ರಿ ಅವರಮ್ಮ ಲಾಗ್‌ಬುಕ್ಕಿಗೆ ಸಹಿ ಹಾಕ್ಲಿಲ್ಲ, ತಪ್ಪು ಅವಳದ್ದೇ.

ಸರಿ, ಒಳ್ಳೇ ಟೈಮಿಗೆ ಬಂದೆ, ನಾಳೆ ಬೋರ್ಡೋ ದ್ರಾವಣ ಮಾಡದಿದೆ, ಅಡಿಕೆ ಕೊಳೆರೋಗಕ್ಕೆ ಮೊದಲ್ನೇ ಮದ್ದು, ಇದೇ ನಿನ್ನ ಇಂಟರ್ನ್‌ಶಿಪ್ಪು ಅಂದೆ. ಬೆಳಿಗ್ಗೆ ಕೊನೆಗೌಡ್ರು ಬಂದ್ರು, ಮರ ಹತ್ತಿ ಮದ್ದು ಹೊಡೆಯೋರು, ಅಡಿಕೆ ಕೊನೆ ಕೊಯ್ಯೋರು. ಒಂದು ಕೇಜಿ ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟು, ಒಂದು ಡ್ರಮ್ಮಲ್ಲಿ, ಒಂದು ಕೇಜಿ ಸುಣ್ಣ ಇನ್ನೊಂದರಲ್ಲಿ, ಆಮೇಲೆ ಎರಡೂ ಸೇರಿಸಿ 100 ಲೀಟರ್ ನೀರು. ಕದಡಿ ಆದ್ಮೇಲೆ ಸೊಂಟದಿಂದ ಕತ್ತಿ ತೆಗೆದು ಅದರಲ್ಲಿ ಅದ್ದಿದ್ರು, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬಿಸಿಲಿಗೆ ಹಿಡಿದು ನೋಡಿ "ಕೆಂಪು ಬಂತು, ಸುಣ್ಣ ಸಾಲ್ಲಿಲ್ಲ ಒಡೆಯಾ" ಅಂದು ಇನ್ನೊಂದು ಮುಷ್ಟಿ ಸುಣ್ಣ ಹಾಕಿಸಿದ್ರು. ಹಾಗೇ ಹೊಡೆದ್ರೆ ಎಳೇ ಕಾಯಿ ಸುಟ್ಟು ಹೋಗತ್ತೆ. ನಮ್ ಬಿಎಸ್ಸಿ ಕಣ್ಣು ಬಿಟ್ಕೊಂಡು ನೋಡ್ತಿದ್ದ. "ಮಾವಾ ಇದು ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್, ಕಬ್ಬಿಣ ಕರಗಿ ತಾಮ್ರ ಕೂತ್ಕಳದು, ಯಂಗಳ ಪ್ರಾಕ್ಟಿಕಲ್‌ನಲ್ಲಿ ಇದ್ದು!" ನೀನು ಮಾಡಿದ್ಯಾ ಅಂತ ಕೇಳಿದೆ. ಇಲ್ವಂತೆ. ಲ್ಯಾಬಲ್ಲಿ ಮೈಲುತುತ್ತ ಸ್ಟಾಕ್ ಇರ್ಲಿಲ್ಲ, ಪಿಪಿಟಿಲಿ ತೋರಿಸಿದ್ರಂತೆ, ರೀಡಿಂಗು ಸೀನಿಯರ್ಸ್ ರೆಕಾರ್ಡ್ ನೋಡಿ ಬರ್ಕೊಂಡಿದಾರೆ. ಹತ್ತಕ್ಕೆ ಒಂಬತ್ತು ಮಾರ್ಕ್ಸು. ಶಿರಸಿ ಸೀಮೇಲಿ, ಮೇ ತಿಂಗಳಲ್ಲಿ, ಮೈಲುತುತ್ತ ಸಿಗ್ದೇ ಇರೋ ಒಂದೇ ಜಾಗ ಅಂದ್ರೆ ಕೆಮಿಸ್ಟ್ರಿ ಲ್ಯಾಬು ಅಂತ ನಂಗೆ ಅವತ್ತೇ ಗೊತ್ತಾಗಿದ್ದು.

ಫಾರಮ್ಮಲ್ಲಿ ‘ಮೆಂಟರ್ ಹೆಸರು’ ಅಂತ ಇತ್ತು. ಕೊನೆಗೌಡ್ರ ಹೆಸರೇ ಬರಿ ಅಂದೆ. ಕೆಳಗಿನ ಸಾಲಲ್ಲಿ ‘ಮೆಂಟರ್ ವಿದ್ಯಾರ್ಹತೆ, ಕನಿಷ್ಠ ಪದವಿ’. ಕೊನೆಗೌಡ್ರು ನಾಲ್ಕನೇ ಕ್ಲಾಸು. ಅದೇ ನಾನು ಎಲ್ಲೋ ಓದಿದ್ದೆ, 2022ರಲ್ಲಿ ಯುಜಿಸಿಯವ್ರು, ಅಂದ್ರೆ ದಿಲ್ಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗದವ್ರು, ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಅಂತ ಹುದ್ದೆ ಮಾಡಿದಾರೆ, ಡಿಗ್ರಿ ಕಡ್ಡಾಯ ಅಲ್ಲ, ಕೆಲಸದಲ್ಲಿ ಕನಿಷ್ಠ 15 ವರ್ಷ ಪಳಗಿರ್ಬೇಕು, ಸೀನಿಯರ್ ಲೆವೆಲ್ಲಾದ್ರೆ ಒಳ್ಳೇದು ಅಂತ. ಕೊನೆಗೌಡ್ರು ಮರ ಹತ್ತೋಕೆ ಶುರು ಮಾಡಿ 32 ವರ್ಷ. ಕಾಲಿಗೆ ಬಳೆ ಥರದ ತಳೆ ಹಾಕಿ ಒಂದು ಮರ ಹತ್ತಿದ್ರೆ ಕೆಳಗೆ ಇಳಿಯೋ ಮಾತಿಲ್ಲ, ಪಕ್ಕದ ಮರ ಎಳ್ಕೊಂಡು ಮೇಲಿಂದ ಮೇಲೇ ದಾಟ್ತಾರೆ, ಐವತ್ತು ಅಡಿ ಮೇಲೆ. ಅದಕ್ಕಿಂತ ಸೀನಿಯರ್ ಲೆವೆಲ್ ನಮ್ಮೂರಲ್ಲಿರೋದು ಮೊಬೈಲ್ ಟವರ್ ಒಂದೇ, ಅದರಲ್ಲೂ ಸಿಗ್ನಲ್ ಇಲ್ಲ. ಆದ್ರೆ ಯುಜಿಸಿ ಹೇಳಿದ್ದು ನಮ್ಮ ಹುಡುಗನ ಕಾಲೇಜಿನ ತನಕ ಬರೋಕೆ ಘಟ್ಟ ಹತ್ಬೇಕಲ್ಲ. ಕಡೆಗೆ ಮೆಂಟರ್ ಯಾರಪ್ಪಾ ಅಂದ್ರೆ ನಾನೇ, ಬಿಕಾಂ ಸೆಕೆಂಡ್ ಕ್ಲಾಸ್, ಜನ್ಮದಲ್ಲಿ ಒಂದು ಮರ ಹತ್ತಿದವನಲ್ಲ.

ಆಮೇಲೆ ಫೋಟೋ. ಬರೀ ಫೋಟೋ ಅಲ್ಲ, ಜಿಯೋಟ್ಯಾಗ್ ಇರ್ಬೇಕು, ಅಂದ್ರೆ ತೆಗೆದ ಜಾಗದ ಗುರುತು, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನವ್ರು ಬಂದಾಗ ಎಷ್ಟು ಪರ್ಸೆಂಟ್ ಮಕ್ಳು ಫೀಲ್ಡ್‌ವರ್ಕ್ ಮಾಡಿದಾರೆ ಅಂತ ಪುರಾವೆ ಸಮೇತ ತೋರಿಸ್ಬೇಕಂತೆ. ತೋಟದಲ್ಲಿ ನೆಟ್ ಇಲ್ಲ, ಆ್ಯಪಲ್ಲಿ ಮ್ಯಾಪು ಬರಲ್ಲ. ನೆಟ್ ಸಿಗೋದು ಗುಡ್ಡದ ತಿರುವಲ್ಲಿ, ಬಸ್ ಸ್ಟಾಪ್ ಹತ್ರ. ನಮ್ಮವ ಕೊನೆ ಕೊಯ್ಯೋ ದೋಟಿ, ಮದ್ದಿನ ಪಂಪು, ಒಂದು ಕೊನೆ ಅಡಿಕೆ ಎಲ್ಲಾ ಹೊತ್ಕೊಂಡು ಅಲ್ಲಿಗೆ ಹೋಗಿ ಡಾಂಬರು ರಸ್ತೆ ಮೇಲೆ ನಿಂತು ಫೋಟೋ ಹೊಡೆಸ್ಕೊಂಡ. ನಮ್ ಕಡೆ ಇನ್ನೂ ನಾಲ್ಕು ಹುಡುಗ್ರು ಅಲ್ಲೇ ಬಂದಿದ್ರು, ಒಬ್ಬ ಜೇನುಪೆಟ್ಟಿಗೆ ತಂದಿದ್ದ. ಮುಂದೆ ಯಾವುದಾದ್ರೂ ಕಮಿಟಿ ಆ ಜಾಗ ಹುಡುಕ್ಕೊಂಡು ಬಂದ್ರೆ ಇಡೀ ತಾಲೂಕಿನ ಕೃಷಿ ಆ ಬಸ್ ಸ್ಟಾಪಲ್ಲೇ ನಡೆಯತ್ತೆ ಅನ್ಕೋತಾರೆ.

ಘಟ್ಟದ ಕೆಳಗಿನ ಕತೆ ಇನ್ನೂ ಚಂದ. ಇವನ ಕ್ಲಾಸಲ್ಲಿ ಕುಮಟಾ ಕಡೆ ಹುಡುಗಿ ಒಬ್ಬಳಿದಾಳೆ, ಅವಳಮ್ಮ ಅಘನಾಶಿನಿ ನದಿ ಕಡಲು ಸೇರೋ ಅಳಿವೇಲಿ ಬಳಚು, ಅಂದ್ರೆ ತಿನ್ನೋ ಚಿಪ್ಪುಜೀವಿ, ಆರಿಸ್ತಾರೆ. ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ರಾಮ್ಸಾರ್ ಪಟ್ಟ ಸಿಕ್ತಲ್ಲ, ಹಾಗಾಗಿ ಕಾಲೇಜಿಂದ ಅಲ್ಲಿಗೇ ಫೀಲ್ಡ್ ವಿಸಿಟ್. ಹುಡುಗಿ ಮೊದಲೇ ಹೇಳಿದಾಳೆ, ಸರ್ ನೀರು ಇಳಿದಾಗ್ಲೇ ಬಳಚು ಆರಿಸೋದು, ಇಳಿತ ನೋಡ್ಕೊಂಡು ಹೋಗ್ಬೇಕು, ಅದು ದಿನಾ ಸುಮಾರು ಐವತ್ತು ನಿಮಿಷ ತಡ ಆಗ್ತಾ ಹೋಗತ್ತೆ, ಅವತ್ತಿನ ತಿಥಿಗೆ ಬೆಳಿಗ್ಗೆ ಆರಕ್ಕೇ ಇಳಿತ ಅಂತ. ಆರಕ್ಕೆ ಅಟೆಂಡೆನ್ಸ್ ತಗೊಳ್ಳೋಕಾಗಲ್ಲ ಅಂದ್ರಂತೆ. ಬಸ್ ಮುಟ್ಟಿದ್ದು ಹನ್ನೊಂದೂವರೆಗೆ, ಆಗ ಭರತಿ ಏರಿ ನಿಂತಿತ್ತು. ನೀರು ನೋಡಿದ್ರು, ಬ್ಯಾನರ್ ಹಿಡಿದ್ರು, ಊಟ ಮಾಡಿದ್ರು. ಬಳಚು ನೋಡಿದ್ದು ಊಟದ ತಟ್ಟೇಲಿ, ಅದೂ ವೆಜ್ ಟೇಬಲ್ಲಿನವ್ರು ನೋಡಿಲ್ಲ. ರಿಪೋರ್ಟಲ್ಲಿ ‘ಜುಲೈ 15ರಂದು ಯಾಂತ್ರೀಕೃತ ದೋಣಿಗಳು ಮೀನುಗಾರಿಕೆಗೆ ತೆರಳುವುದನ್ನು ವಿದ್ಯಾರ್ಥಿಗಳು ವೀಕ್ಷಿಸಿದರು’ ಅಂತ ಬರ್ದಿತ್ತಂತೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ದೋಣಿ ಕಡಲಿಗೆ ಇಳಿಯೋ ಹಾಗೇ ಇಲ್ಲ, 61 ದಿನ ಬಂದ್, ಅದು ತದಡಿ ಬಂದರಿನ ಬೆಕ್ಕಿಗೂ ಗೊತ್ತು. ಹುಡುಗಿ ಹೇಳಿದ್ದಕ್ಕೆ, ಅದು ಅಪ್ರೂವ್ ಆದ ಫಾರ್ಮ್ಯಾಟು ಕಣಮ್ಮ, ಡೇಟ್ ಒಂದೇ ಚೇಂಜ್ ಮಾಡೋದು, ಉಳಿದಿದ್ದು ಮುಟ್ಬೇಡ ಅಂದ್ರಂತೆ.

ಇನ್ನೊಂದು ಬಸ್ಸು ಅಪ್ಪಿಕೋ ಚಳವಳಿ ಅಧ್ಯಯನಕ್ಕೆ ಹೊರಟಿತ್ತು. 1983ರ ಸೆಪ್ಟೆಂಬರಲ್ಲಿ ಸಾಲ್ಕಣಿ ಜನ ಕಾಡಿಗೆ ಹೋಗಿ ಮರ ಅಪ್ಪಿದ್ರಲ್ಲ, ಸಹಜ ಕಾಡು ಕಡಿದು ನೆಡುತೋಪು ಮಾಡ್ಬೇಡಿ ಅಂತ, ಅದು. ಕಾಡಲ್ಲಿ ಬಸ್ ನಿಲ್ಸೋಕೆ ಜಾಗ ಇಲ್ಲ ಅಂತ ದಾರೀಲೇ ಅಕೇಶಿಯಾ ಪ್ಲಾಂಟೇಶನ್ ಹತ್ರ ಇಳಿಸಿ ನಲವತ್ತು ಮಕ್ಳ ಹತ್ರ ಅಕೇಶಿಯಾ ಅಪ್ಪಿಸಿ ಫೋಟೋ ತೆಗೆದ್ರು. ಇದಕ್ಕೆ ನಾನೇನೂ ಸೇರಿಸಲ್ಲ.

ನಾನು ಶಿರಸಿಗೆ ಹೋಗಿ 300 ರೂಪಾಯಿ ಕೊಟ್ಟು ಸೀಲ್ ಮಾಡಿಸ್ದೆ, ದುಂಡಗೆ, ಮಧ್ಯೆ ಒಂದು ಅಡಿಕೆ ಮರ. ಅಳಿಯ ವೈವಾದಲ್ಲಿ ಕತ್ತಿ ವಿಷಯ ಹೇಳಿದಾನೆ, ಎಕ್ಸಾಮಿನರ್‌ಗೆ ಖುಷಿ ಆಗಿದೆ, ಯಾವ ಬುಕ್ಕಲ್ಲಿದೆ ಇದು ಅಂತ ಕೇಳಿದಾರೆ. ಬುಕ್ಕಲ್ಲಲ್ಲ ಸರ್, ಕೊನೆಗೌಡ್ರ ಸೊಂಟದಲ್ಲಿದೆ ಅಂದಿದಾನೆ. ರೆಫರೆನ್ಸ್ ಇಲ್ಲ ಅಂತ ಮೂರು ಮಾರ್ಕ್ಸ್ ಕಟ್.

ಈ ವರ್ಷ ಕೊನೆಗೌಡ್ರ ಮಗಳೇ ಡಿಗ್ರಿಲಿದಾಳೆ. ಅಪ್ಪನ ಹತ್ರ ಇಂಟರ್ನ್‌ಶಿಪ್ ಮಾಡೋ ಹಾಗಿಲ್ವಂತೆ, ಸಂಬಂಧಿಕರು ಸಹಿ ಹಾಕಿದ್ರೆ ನಡೆಯಲ್ಲ. ಹಾಗಾಗಿ ಮೊನ್ನೆ ಅಪ್ಪ ಮರದ ಮೇಲೆ, ಮಗಳು ಬುಡದಲ್ಲಿ ಹಗ್ಗ ಹಿಡ್ಕೊಂಡು, ನಾನು ಮೆಂಟರು ಜಗಲಿ ಮೇಲೆ ಎಲೆಅಡಿಕೆ ಕವಳ ಹಾಕ್ಕೊಂಡು, 60 ಗಂಟೆ ಮುಗೀತು. ಸಹಿ ಹಾಕಿ ಸೀಲ್ ಒತ್ತಿದ್ರೆ ಅಡಿಕೆ ಮರ ಅರ್ಧನೇ ಬಂತು, ಇಂಕ್ ಪ್ಯಾಡ್ ಒಣಗಿದೆ. ಶಿರಸಿ ಪೇಟೆಗೆ ಹೋಗೋರು ಯಾರಾದ್ರೂ ಇದ್ರೆ ಒಂದು ತಗೊಂಬನ್ನಿ, ಇನ್ನೂ ಇಬ್ರು ಹುಡುಗ್ರು ಜಗಲೀಲಿ ಕಾಯ್ತಿದಾರೆ.