ಕೊನೆಯ ಐದು ನಿಮಿಷ ಗಂಡಸರಿಗೆ

ಪುಣೆಯಲ್ಲಿ ನಮ್ಮ ಮನೆ ಹತ್ತಿರ ತಿಂಗಳಿಗೊಂದು ಶನಿವಾರ ಸಂಜೆ ಕೆಲವರು ಸೇರುತ್ತಾರೆ. ಹೆಂಗಸರೇ ಜಾಸ್ತಿ, ಗಂಡಸರು ನಾಲ್ಕೈದು ಮಂದಿ. ಮಾತು ಸ್ತ್ರೀವಾದದ್ದು. ಮೊದಲು ಹೆಂಡತಿ ಹೋಗುತ್ತಿದ್ದಳು. ಅಲ್ಲಿ ಚಹಾ ಚೆನ್ನಾಗಿರುತ್ತದೆ ಅಂದಳು, ನಾನೂ ಹೊರಟೆ.

ಆವತ್ತಿನ ವಿಷಯ ಮನೆಗೆಲಸ. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಅರ್ಧ ಅರ್ಧ ಎಂದು ಒಬ್ಬರು ಹೇಳಿದರು. ನಮ್ಮಲ್ಲೂ ಹಾಗೇ ಎಂದರು ಇನ್ನೊಬ್ಬರು. ಎಲ್ಲರೂ ತಲೆದೂಗಿದರು. ನನಗೆ ಸುಮ್ಮನೆ ಕೂರಲಾಗಲಿಲ್ಲ. ಈ ಅರ್ಧ ಅರ್ಧ ಮನೆಗಳಿಗೆಲ್ಲ ಪಾತ್ರೆ ತಿಕ್ಕಲು, ನೆಲ ಒರೆಸಲು ದಿನಾ ಒಬ್ಬಳು ಬರುತ್ತಾಳೆ. ನಮ್ಮ ಮನೆಗೆ ಬರುವಾಕೆ ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಅವಳ ಮನೆಯ ಪಾತ್ರೆ ಯಾರು ತಿಕ್ಕುತ್ತಾರೆ? ಇದನ್ನು ಕೇಳಲು ಬಾಯಿ ತೆರೆದೆ.

"ಸರ್, ಗಂಡಸರ ಪ್ರಶ್ನೆಗಳಿಗೆ ಕೊನೆಯ ಐದು ನಿಮಿಷ ಇಟ್ಟಿದ್ದೇವೆ," ಎಂದರು ನಡೆಸುತ್ತಿದ್ದವರು. ನಗುತ್ತಲೇ ಹೇಳಿದರು. ಅದಕ್ಕೇ ಜಾಸ್ತಿ ಚುಚ್ಚಿತು.

ಮದುವೆಯಲ್ಲಿ ದೂರದ ಬೀಗರನ್ನು ಕೂರಿಸುತ್ತಾರಲ್ಲ, ಹಾಗೆ ಕೂತಿದ್ದೆ. ಹೋಳಿಗೆ ಮೇಲೆ ಹೋಳಿಗೆ ಹಾಕುತ್ತಾರೆ, ಕೊಡುವ ತರುವ ಮಾತಿಗೆ ಮಾತ್ರ ಕರೆಯುವುದಿಲ್ಲ.

ಕೊನೆಗೆ ಆ ಐದು ನಿಮಿಷವೂ ಬಂತು. ಅಷ್ಟು ಹೊತ್ತಿಗೆ ನನ್ನ ಪ್ರಶ್ನೆ ಕೆಟ್ಟು ಸಿಟ್ಟಾಗಿತ್ತು. ಯಾದಗಿರಿಯವಳನ್ನು ಬಿಟ್ಟು ಜ್ಯೋತಿಬಾ ಫುಲೆಯನ್ನು ಹಿಡಿದೆ. ಇದೇ ಊರಿನಲ್ಲಿ 1848ರಲ್ಲಿ ಸಾವಿತ್ರಿಬಾಯಿ ಜೊತೆ ಹೆಣ್ಣುಮಕ್ಕಳ ಶಾಲೆ ತೆರೆದವರು ಗಂಡಸಲ್ಲವೇ? 1882ರಲ್ಲಿ ತಾರಾಬಾಯಿ ಶಿಂದೆ ಗಂಡಸರ ಬೆವರಿಳಿಸುವ ಪುಸ್ತಕ ಬರೆದಾಗ ಆಕೆಯ ಪರ ನಿಂತು ಬರೆದದ್ದು ಯಾರು? ಒಬ್ಬಾಕೆ ತಣ್ಣಗೆ ಹೇಳಿದರು: "ಹೌದು ಸರ್. ತಾರಾಬಾಯಿಯನ್ನು ಟೀಕೆ ಮಾಡಿದ ತಮ್ಮ ಜೊತೆಗಾರರ ಮೇಲೇ ಫುಲೆ ಹರಿಹಾಯ್ದರು. ಅವರು ಜಗಳ ಆಡಿದ್ದು ಗಂಡಸರ ಜೊತೆ. ನೀವು ನಮ್ಮ ಜೊತೆ ಆಡ್ತಿದ್ದೀರಿ." ಎಲ್ಲರೂ ನಕ್ಕರು. ನನ್ನ ಹೆಂಡತಿಯೂ.

ಮನೆಗೆ ಬರುವಾಗ ಊರು ನೆನಪಾಯಿತು.

ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ಹತ್ತಿರದ ಹಳ್ಳಿ. ಡಿಸೆಂಬರಿನಲ್ಲಿ ಹೋದಾಗ ಅಪ್ಪನ ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಬದುವಿನ ಮೇಲೆ ನಿಂತು, ಪುಣೆಯಲ್ಲಿ ಕಲಿತ ಬುದ್ಧಿಯನ್ನೆಲ್ಲ ಹೇಳತೊಡಗಿದೆ. ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಅಂತ 1976ರಲ್ಲೇ ಕಾಯ್ದೆ ಬಂದಿದೆ, ನೀವು ಕೇಳಬೇಕು, ನೀವು ಕೇಳದಿದ್ದರೆ ಯಾರು ಕೊಡುತ್ತಾರೆ ಅಂತ. ನಾನು ದೊಡ್ಡವ್ವ ಎಂದು ಕರೆಯುವ ಒಬ್ಬಾಕೆ ಉಡಿಯಲ್ಲಿದ್ದ ಹತ್ತಿಯನ್ನು ಚೀಲಕ್ಕೆ ಸುರಿದು ನನ್ನ ಕಡೆ ತಿರುಗಿದಳು.

"ಕಾಯ್ದಿ ಬಂದೈತಿ ಖರೆ. ನಮ್ಮ ಹೊಲದ ದಾರಿ ಅದಕ್ಕ ಗೊತ್ತಿಲ್ಲ. ಉದ್ಯೋಗ ಖಾತ್ರಿ ಕೆಲಸದಾಗ ಗಂಡಾಳಿಗೂ ಹೆಣ್ಣಾಳಿಗೂ ಒಂದೇ ರೊಕ್ಕ ಕೊಡ್ತಾರ. ಸರಕಾರಕ್ಕ ತಿಳಿದದ್ದು ನಿಮ್ಮಪ್ಪಗ ಯಾಕ ತಿಳಿಯಂಗಿಲ್ಲ? ಕಸ ತೆಗೆಯಾಕ ಬಂದಾಗ ಕೇಳೇವಿ, ಏನಂದ ಗೊತ್ತೈತೇನು? ನಮಗ ಬುದ್ಧಿ ಹೇಳಬ್ಯಾಡ. ಮನಿಗೆ ಹೋಗಿ ಅವಗ ಹೇಳು. ಇಲ್ಲಾ ಇಳಿ, ಸಾಲು ಹಿಡಿ."

ಇಳಿದೆ. ಅರ್ಧ ಸಾಲು ಬಿಡಿಸುವುದರೊಳಗೆ ಹತ್ತಿಕಾಯಿ ಸಿಪ್ಪೆ ಚುಚ್ಚಿ ಬೆರಳೆಲ್ಲ ಗೀರು. ಸೊಂಟ ಹಿಡಿಯಿತು. ದೊಡ್ಡವ್ವ ಎರಡು ಸಾಲು ಮುಗಿಸಿ, ಬಿಡದೆ ಬೈಯುತ್ತಲೇ ಇದ್ದಳು. ನಾನೂ ಬಿಡಲಿಲ್ಲ. ಹತ್ತಿಯ ರೇಟು, ಔಷಧಿ ಖರ್ಚು, ಸಾಲ ಎಲ್ಲ ಹೇಳಿದೆ. ಒಂದೊಂದಕ್ಕೂ ಆಕೆಯ ಹತ್ತಿರ ಉತ್ತರ ಇತ್ತು. ಸೋತೆ. ಆದರೆ ಐದು ನಿಮಿಷ ಅಂತ ಯಾರೂ ಗಡಿಯಾರ ನೋಡಲಿಲ್ಲ.

ಗಂಡಸು ಈ ಚರ್ಚೆಯಲ್ಲಿ ಬಾಯಿ ಹಾಕಬಹುದೇ ಅಂದರೆ ನನಗೆ ಕಾಣುವುದು ಈ ಹೊಲ. ಹಾಕಲಿ. ತಪ್ಪು ಹೇಳಿದರೆ ಬೈಸಿಕೊಳ್ಳಲಿ. ಬೈಸಿಕೊಂಡ ಮೇಲೂ ಅಲ್ಲೇ ನಿಲ್ಲಲಿ. ಪುಣೆಯವರು ಬೈಯುವುದೇ ಇಲ್ಲ, ನಕ್ಕು ಕೂರಿಸುತ್ತಾರೆ. ಅದು ನನಗೆ ಆಗಿಬರುವುದಿಲ್ಲ. ಕಲ್ಯಾಣದಲ್ಲಿ ಅಲ್ಲಮ ಅಕ್ಕಮಹಾದೇವಿಯನ್ನು ಎಷ್ಟು ಕಟುವಾಗಿ ಕೇಳಿದ, ಅಕ್ಕ ಹೆದರಿದಳೇ? ಮಾತಿಗೆ ಮಾತು ಕೊಟ್ಟಳು. (ಅಲ್ಲೂ ಪರೀಕ್ಷೆಗೆ ನಿಂತವಳು ಅಕ್ಕ, ಅಲ್ಲಮನಲ್ಲ. ಆಕೆ ಅಲ್ಲಮನನ್ನು ಪರೀಕ್ಷೆ ಮಾಡಿದ ಕತೆಯನ್ನು ನಾನಂತೂ ಕೇಳಿಲ್ಲ. ಈ ತಕರಾರು ಎತ್ತಿದವಳು ನನ್ನ ಹೆಂಡತಿ.)

ಹಾಗಂತ ನಮ್ಮ ಕಡೆ ಗಂಡಸರ ಬಾಯಿಗೆ ಕಡಿಮೆಯೇನಿಲ್ಲ. ಒಂದು ವರ್ಷ ಮಾರ್ಚ್ 8ಕ್ಕೆ ಊರಲ್ಲಿದ್ದೆ. ಮಹಿಳಾ ದಿನಾಚರಣೆ. ವೇದಿಕೆ ಮೇಲೆ ಒಂಬತ್ತು ಕುರ್ಚಿ, ಏಳರಲ್ಲಿ ಗಂಡಸರು. ಒಬ್ಬೊಬ್ಬರೂ ಹೆಣ್ಣು ಕ್ಷಮಯಾ ಧರಿತ್ರಿ ಎಂದೇ ಶುರು ಮಾಡಿದರು. 2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ಆವತ್ತು ಅಧ್ಯಕ್ಷರು ಎರಡು ಮಾತು ಆಡುತ್ತಾರೆ ಎಂದು ಮೈಕಿನಲ್ಲಿ ಕೂಗಿದಾಗ ಎದ್ದು ಬಂದದ್ದು ಅವರ ಗಂಡ. ಯಾರಿಗೂ ವಿಚಿತ್ರ ಅನಿಸಲಿಲ್ಲ. ಆಕೆ ಸೆರಗು ಸರಿ ಮಾಡಿಕೊಂಡು ಕೂತೇ ಇದ್ದಳು. ಮುಗಿದ ಮೇಲೆ ಗಂಡಸರು ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತಾ ಹೆಂಗಸರ ಏಳಿಗೆಯ ಮಾತನ್ನು ಮುಂದುವರಿಸಿದರು. ಆ ಹೋಟೆಲಿನಲ್ಲಿ ಒಬ್ಬ ಹೆಂಗಸೂ ಕೂತಿರಲಿಲ್ಲ. ನಾನೂ ಎರಡು ಮಿರ್ಚಿ ತಿಂದೆ.

ಇದೇ ಕಡೆಯ ಹೆಂಗಸರು 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋದವರು. ಅಷ್ಟು ದೂರ ನಡೆಯುವವರಿಗೆ ಆ ಹೋಟೆಲಿನ ಬೆಂಚು ಮಾತ್ರ ಇನ್ನೂ ದೂರ.

ಮತ್ತೆ ಆ ಹೊಲದ ಕತೆ. ಅದನ್ನು ಪುಣೆಯ ಗೆಳೆಯರಿಗೆ ಎಷ್ಟು ಸಲ ಹೇಳಿದ್ದೇನೋ. ಒಂದು ಮಾತು ಮಾತ್ರ ಪ್ರತಿ ಸಲ ಬಿಡುತ್ತಿದ್ದೆ. ಪಕ್ಕದ ಸಾಲಿನಲ್ಲಿ ದೊಡ್ಡವ್ವನ ಸೊಸೆ ಇದ್ದಳು. ಅಷ್ಟು ಹೊತ್ತಿನಲ್ಲಿ ಅವಳು ಒಂದು ಸಲವೂ ತಲೆ ಎತ್ತಲಿಲ್ಲ. ದೊಡ್ಡವ್ವನಿಗೆ ಅರವತ್ತು ದಾಟಿದೆ, ನನ್ನನ್ನು ಎತ್ತಿ ಆಡಿಸಿದ್ದಾಳೆ, ಬೈಯಬಹುದು. ಸೊಸೆ ಬೈದಿದ್ದರೆ ನಾನು ಹಾಗೇ ನಗುತ್ತಿದ್ದೆನೇ? ಅಪ್ಪ ಮರುದಿನ ಅವಳನ್ನು ಕೆಲಸಕ್ಕೆ ಕರೆಯುತ್ತಿದ್ದನೇ? ಆ ರಾತ್ರಿ ಅಪ್ಪನ ಮುಂದೆ ಕೂಲಿ ಮಾತನ್ನು ನಾನೂ ಎತ್ತಲಿಲ್ಲ. ಮೂರೇ ದಿನ ರಜೆ ಇತ್ತು, ಯಾಕೆ ಸುಮ್ನೆ ಜಗಳ ಅಂತ.

ಇದನ್ನೂ ಹೇಳಿಬಿಡುತ್ತೇನೆ. ಆ ಶನಿವಾರ ನನ್ನನ್ನು ಕೂರಿಸಿದ ಮೇಲೆ, ತಿಂಗಳುಗಟ್ಟಲೆ ಬಾಯಿ ಬಿಡದಿದ್ದ ಒಬ್ಬಾಕೆ ಮಾತಾಡಿದರು. ಒಳ್ಳೆಯ ಕೆಲಸದಲ್ಲಿರುವವರು. ಸಂಬಳದ ಎಟಿಎಂ ಕಾರ್ಡು ಹನ್ನೊಂದು ವರ್ಷದಿಂದ ಗಂಡನ ಪಾಕೀಟಿನಲ್ಲೇ ಇದೆಯಂತೆ. ಹೇಳಲು ಆಕೆಗೆ ಬಹಳ ಹೊತ್ತು ಹಿಡಿಯಿತು. ನಡುನಡುವೆ ನಿಂತುಬಿಡುತ್ತಿದ್ದರು. ಆಗ ನಾನು ಮಾತಾಡುತ್ತಿದ್ದರೆ ಯಾದಗಿರಿಯಿಂದ ಮಾನ್ವಿವರೆಗೆ ಹೋಗಿ ಬರುತ್ತಿದ್ದೆ, ಆಕೆ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಯಾದಗಿರಿಯವಳ ಪಾತ್ರೆಯ ಮಾತು ಅಲ್ಲಿ ಇನ್ನೂ ಬಂದಿಲ್ಲ.

ಭಾನುವಾರ ಇದನ್ನೆಲ್ಲ ಹೇಳಿಕೊಳ್ಳಲು ನನ್ನ ಅಕ್ಕನಿಗೆ ಫೋನ್ ಮಾಡಿದೆ. ಐದು ನಿಮಿಷದ ಕತೆ ಕೇಳಿ ನಕ್ಕಳು. "ಐದು ನಿಮಿಷ ಆದ್ರೂ ಕೊಡ್ತಾರಲ್ಲೋ," ಎಂದು ಏನೋ ಹೇಳಹೊರಟಳು. ಸ್ಪೀಕರ್ ಹಾಕಿದ್ದಳೋ ಏನೋ, ಹಿಂದಿನಿಂದ ಅವಳ ಗಂಡ, ನಮ್ಮ ಮಾಮಾ, ಫೋನ್ ಇಸಕೊಂಡರು. ಈಗಿನ ಹೆಣ್ಣುಮಕ್ಕಳು, ನಮ್ಮ ಕಾಲ, ಫುಲೆ, ಬಸವಣ್ಣ. ಒಳ್ಳೆಯ ಮಾತುಗಾರರು ಅವರು. ನಾನೂ ಬಿಡಲಿಲ್ಲ. ಮುಕ್ಕಾಲು ಗಂಟೆ ಆಗಿತ್ತು ಫೋನ್ ಇಟ್ಟಾಗ.

ಅಕ್ಕ ಏನು ಹೇಳಹೊರಟಿದ್ದಳು ಎಂದು ಕೇಳಲೇ ಇಲ್ಲ ಎಂಬುದು ಆಮೇಲೆ ಹೊಳೆಯಿತು. ಮತ್ತೆ ಮಾಡಿದೆ.

"ರೊಟ್ಟಿ ಬಡಿಯಾಕತ್ತೀನಿ," ಎಂದಳು. "ಆಮ್ಯಾಲ ಮಾಡ್ತೀನಿ ತಗೋ."