ದ್ವಂದ್ವಾರ್ಥದ ಮರೆಯಲ್ಲಿ ಮದ್ಯದ ಜಾಹೀರಾತು

ಮದ್ಯದ ಜಾಹೀರಾತಿನಲ್ಲಿರುವ ದ್ವಂದ್ವಾರ್ಥವನ್ನು ಪ್ರಶ್ನಿಸಿದರೆ ಸಿದ್ಧ ಉತ್ತರವೊಂದಿದೆ: "ನಾವು ಹೇಳಿದ್ದು ಪಾನೀಯದ ಬಗ್ಗೆ, ಕೊಳಕು ಇರುವುದು ನಿಮ್ಮ ತಲೆಯಲ್ಲಿ." ಕಳ್ಳನಿಗೊಂದು ಪಿಳ್ಳೆ ನೆವ. ಬಾಟಲಿಯ ಮೇಲೆ ಜಾರುವ ನೀರಹನಿ, ರೂಪದರ್ಶಿಯ ಅರೆತೆರೆದ ತುಟಿ, ಕೆಳಗಿನ ಒಂದು ಸಾಲು ಎಲ್ಲವನ್ನೂ ಅಳೆದು ತೂಗಿ ಮಾಡುವವರ ಕೆಲಸದಲ್ಲಿ ಎರಡನೆಯ ಅರ್ಥ ತಾನಾಗಿ ನುಸುಳುವುದಿಲ್ಲ. ಬೇಕೆಂದೇ ಇಟ್ಟಿರುತ್ತಾರೆ.

ಪೋಲಿ ಮಾತಿನ ಮೇಲೆ ನನಗೆ ಮುನಿಸಿಲ್ಲ. ಇಬ್ಬರೂ ಇಷ್ಟಪಟ್ಟು ಆಡುವ ಸರಸಕ್ಕೆ ಮೂರನೆಯವರ ಅಪ್ಪಣೆ ಬೇಕಿಲ್ಲ. ಆದರೆ ಮದ್ಯ ಮಾರುವವರು ಈ ಸಲಿಗೆಯನ್ನು ಬಳಸಿದಾಗ ನಗೆಯ ನಡುವೆ ಹೆಣ್ಣಿನ ಒಪ್ಪಿಗೆಯೇ ಅಳಿಸಿಹೋಗುತ್ತದೆ.

2012ರಲ್ಲಿ ಬೆಲ್ವೆಡೇರ್ ವೋಡ್ಕಾ ಕಂಪನಿ ಸಾಮಾಜಿಕ ಜಾಲತಾಣದಲ್ಲಿ ಒಂದು ಚಿತ್ರ ಹಾಕಿತು. ಗಂಡಸೊಬ್ಬ ಹಿಂದಿನಿಂದ ಹೆಣ್ಣೊಬ್ಬಳನ್ನು ಹಿಡಿದಿದ್ದಾನೆ. ಅವನ ಮುಖದಲ್ಲಿ ನಗು, ಅವಳ ಮುಖದಲ್ಲಿ ಗಾಬರಿ. ಕೆಲವರ ಹಾಗಲ್ಲ, ಬೆಲ್ವೆಡೇರ್ ಯಾವಾಗಲೂ ಸಲೀಸಾಗಿ ಕೆಳಗಿಳಿಯುತ್ತದೆ ಎಂಬ ಅರ್ಥದ ಸಾಲು ಅದರ ಜೊತೆಗೆ. ಗಂಟಲಲ್ಲಿ ಇಳಿಯುವ ವೋಡ್ಕಾದ ಮಾತು ಎಂದುಕೊಳ್ಳಲು ಆ ಹೆಣ್ಣಿನ ಮುಖ ಬಿಡುವುದಿಲ್ಲ. ಒಪ್ಪದವಳಿಗಿಂತ ವೋಡ್ಕಾ ವಾಸಿ ಎಂಬುದೇ ಅಲ್ಲಿನ ತಮಾಷೆ. ಜನ ತಿರುಗಿಬಿದ್ದ ಮೇಲೆ ಕಂಪನಿ ಚಿತ್ರ ತೆಗೆದು ಕ್ಷಮೆ ಕೇಳಿತು. ಚಿತ್ರದಲ್ಲಿದ್ದ ನಟಿ, ತನ್ನ ಒಪ್ಪಿಗೆಯಿಲ್ಲದೆ ಅದನ್ನು ಬಳಸಿದ್ದಾರೆ ಎಂದು ಮೊಕದ್ದಮೆ ಹೂಡಿದರು. ಅಲ್ಲಿಯೂ ಅವಳನ್ನು ಯಾರೂ ಕೇಳಿರಲಿಲ್ಲ ಎಂಬ ಆ ದೂರು ಓದಿದಾಗ ನನಗೆ ಮೈಯೆಲ್ಲ ಉರಿಯಿತು.

ಮೂರು ವರ್ಷದ ಬಳಿಕ, 2015ರಲ್ಲಿ, ಬಡ್ ಲೈಟ್ ಬಾಟಲಿಯ ಲೇಬಲ್ಲಿನ ಮೇಲೆ ಒಂದು ಸಾಲು ಬಂತು: ಈ ರಾತ್ರಿಯ ಮಟ್ಟಿಗೆ ನಿಮ್ಮ ಮಾತಿನಿಂದ 'ಬೇಡ' ಎಂಬುದನ್ನು ತೆಗೆದುಹಾಕಲು ಹೇಳಿ ಮಾಡಿಸಿದ ಬಿಯರ್. ಅದಕ್ಕೂ ಕ್ಷಮೆ ಕೇಳಿದರು, ಮುದ್ರಣ ನಿಲ್ಲಿಸಿದರು. ಕುಡಿದು ಮೈಮೇಲೆ ಎಚ್ಚರವಿಲ್ಲದವರು ಒಪ್ಪಿಗೆ ಕೊಡಲಾರರು. ಅಂಥ ಸ್ಥಿತಿಗೆ ತರಬಲ್ಲ ವಸ್ತುವಿನ ಮೇಲೆಯೇ ಈ ಸಾಲನ್ನು ಅಚ್ಚು ಹಾಕಿದ್ದರು.

ಬ್ರಿಟನ್ನಿನ ಜಾಹೀರಾತು ಸಂಹಿತೆ ಮದ್ಯವನ್ನು ಲೈಂಗಿಕ ಯಶಸ್ಸಿನೊಂದಿಗೆ ಜೋಡಿಸಬಾರದು ಎನ್ನುತ್ತದೆ. ಒಳ್ಳೆಯದೇ. ಆದರೆ ಏನು ಹೇಳಬಾರದು ಎಂದು ಪಟ್ಟಿ ಮಾಡಿದಷ್ಟೂ ದ್ವಂದ್ವಾರ್ಥಕ್ಕೆ ಅನುಕೂಲ. ನೇರವಾಗಿ ಹೇಳದೆ ಹೇಳುವುದೇ ಅದರ ಕಸುಬು. ದೂರು ಬಂದು, ವಿಚಾರಣೆ ನಡೆದು, ತೀರ್ಪು ಬರುವಷ್ಟರಲ್ಲಿ ಜಾಹೀರಾತು ನೋಡಬೇಕಾದವರೆಲ್ಲ ನೋಡಿಯಾಗಿರುತ್ತದೆ.

ಫ್ರಾನ್ಸ್ 1991ರ ಎವಾಂ ಕಾನೂನಿನಲ್ಲಿ ಪ್ರಶ್ನೆಯನ್ನೇ ತಿರುಗಿಸಿತು. ಟಿವಿ, ಸಿನಿಮಾ ಮಂದಿರಗಳಲ್ಲಿ ಮದ್ಯದ ಜಾಹೀರಾತೇ ಇಲ್ಲ. ಉಳಿದ ಕಡೆ ಹೇಳಬಹುದಾದದ್ದು ಎಲ್ಲಿಯದು, ಯಾವುದರಿಂದ ಆದದ್ದು, ಮದ್ಯಸಾರ ಎಷ್ಟು, ಹೇಗೆ ತಯಾರಾಯಿತು ಎಂಬಂಥ ವಿವರಗಳನ್ನು ಮಾತ್ರ. ನನಗೆ ಬೇಕಾಗಿರುವುದು ಇಂಥ ಕಾನೂನು. ಫ್ರಾನ್ಸಿನಲ್ಲಿ ವೈನ್ ಮಾರಾಟ ಇಂದಿಗೂ ನಡೆಯುತ್ತಿದೆ.