ಸತ್ಯಾಂಶ: ಶಿಕ್ಷಣವು ಕೇಂದ್ರ ಸರ್ಕಾರವೊಂದರದೇ ಅಧಿಕಾರವಲ್ಲ

“1976ರಲ್ಲಿ ಶಿಕ್ಷಣವನ್ನು ರಾಜ್ಯಗಳಿಂದ ಕಿತ್ತು ಕೇಂದ್ರಕ್ಕೆ ಒಪ್ಪಿಸಲಾಗಿದೆ, ಮುಂಬಯಿಯ ಕನ್ನಡ ಶಾಲೆಗಳ ಅಹವಾಲನ್ನು ಇನ್ನು ದೆಹಲಿಗೇ ಒಯ್ಯಬೇಕು” ಎಂಬ ಸಂದೇಶವೊಂದು ಇಲ್ಲಿನ ಕನ್ನಡಿಗರ ವಾಟ್ಸಾಪ್ ಬಳಗಗಳಲ್ಲಿ ಸುತ್ತುತ್ತಿದೆ. ಅದರಲ್ಲಿ ಸರಿಯಾಗಿರುವುದು ಇಸವಿಯೊಂದೇ.

ಸಂವಿಧಾನದ ಏಳನೆಯ ಅನುಸೂಚಿಯು ಶಾಸನ ರಚನೆಯ ವಿಷಯಗಳನ್ನು ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಮತ್ತು ಸಮವರ್ತಿ ಪಟ್ಟಿಗಳಲ್ಲಿ ಹಂಚಿದೆ. 1976ರ 42ನೆಯ ತಿದ್ದುಪಡಿಯು ಅರಣ್ಯ, ತೂಕ ಮತ್ತು ಅಳತೆಗಳ ಜೊತೆಗೆ ಶಿಕ್ಷಣವನ್ನೂ ರಾಜ್ಯ ಪಟ್ಟಿಯಿಂದ ತೆಗೆದು ಸೇರಿಸಿದ್ದು ಸಮವರ್ತಿ ಪಟ್ಟಿಗೆ. ಅಂದರೆ ಸಂಸತ್ತು, ರಾಜ್ಯ ವಿಧಾನಮಂಡಲಗಳೆರಡೂ ಈ ವಿಷಯದಲ್ಲಿ ಕಾಯಿದೆ ಮಾಡಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆ ಸಂಸತ್ತಿನದಾದರೆ, ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿದ 2020ರ ಕಾಯಿದೆ ಮಹಾರಾಷ್ಟ್ರ ವಿಧಾನಮಂಡಲದ್ದು. ಸಂದೇಶ ಕಳುಹಿಸಿದವರ ಮನೆಯ ಮಕ್ಕಳ ಪಾಟೀಚೀಲದಲ್ಲಿಯೇ ಇದಕ್ಕೆ ಸಾಕ್ಷಿ ಸಿಕ್ಕೀತು.

ಎರಡು ಕಾಯಿದೆಗಳ ನಡುವೆ ವಿರೋಧ ಬಂದರೆ 254ನೆಯ ವಿಧಿಯಂತೆ ಸಾಮಾನ್ಯವಾಗಿ ಕೇಂದ್ರದ ಕಾಯಿದೆಯೇ ಮೇಲುಗೈ ಪಡೆಯುತ್ತದೆ. ಆದರೆ ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿ ಅವರ ಅಂಕಿತ ಪಡೆದ ರಾಜ್ಯದ ಕಾಯಿದೆಯು, ಸಂಸತ್ತು ಮುಂದೆ ಅದನ್ನು ಬದಲಿಸದಿದ್ದರೆ, ಆ ರಾಜ್ಯದ ಮಟ್ಟಿಗೆ ಊರ್ಜಿತವಾಗಿರುತ್ತದೆ. ಭಯಕ್ಕೆ ಬೀಜವಾಗಿರುವುದು ಬಹುಶಃ ಈ ಮೇಲುಗೈ ಎಂಬ ಮಾತೇ.

ಕನ್ನಡ ಶಾಲೆಗಳ ಮಟ್ಟಿಗೆ ಹೆಚ್ಚು ಉಪಯುಕ್ತವಾದುದು 350ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸುವ ಹೊಣೆಯನ್ನು ಅದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಹಾಗಾಗಿ ಪಾಲಿಕೆಯ ಕನ್ನಡ ಶಾಲೆಗೆ ಶಿಕ್ಷಕರು ಬೇಕಿದ್ದರೆ ಅರ್ಜಿ ಮೊದಲು ಹೋಗಬೇಕಾದದ್ದು ಪಾಲಿಕೆಯ ಶಿಕ್ಷಣ ವಿಭಾಗಕ್ಕೆ.